ಮಂಗಳವಾರದ ಗೈರುಹಾಜರಿ

ನನ್ನ ಕೆಲಸ ಇಷ್ಟೇ: ಅವಳ ಮಾತನ್ನು ದಾಟಿಸುವುದು,
ಏನೂ ಸೇರಿಸದೆ, ಏನೂ ಬಿಡದೆ. ಬಲಗೈಯೆತ್ತಿ ಆಣೆಯಿಟ್ಟಿದ್ದೇನೆ.
ಮಿಸ್ಸೂರಿಯ ಈ ಊರಲ್ಲಿ ವಿಚಾರಣೆಗೆ ಬೇರೆ ಜಾಗ ಸಿಗದೆ
ಗ್ರಂಥಾಲಯದ ನೆಲಮಾಳಿಗೆ. ಗೋಡೆ ತುಂಬ ಮಕ್ಕಳು ಬರೆದ ಡೈನೊಸಾರ್.
ನ್ಯಾಯಾಧೀಶರು ಅಲ್ಲಾಡಿದರೆ ಕುರ್ಚಿ ಕಿರುಗುಟ್ಟುತ್ತದೆ.

ಮಾಮ್ ನುಡಿಯಿಂದ ಸ್ಪ್ಯಾನಿಶ್‌ಗೆ ನಾನು,
ಸ್ಪ್ಯಾನಿಶ್‌ನಿಂದ ಇಂಗ್ಲಿಷ್‌ಗೆ ಪಕ್ಕದ ಹುಡುಗಿ.
ಫ್ಲೊರಿಂದಾ ಹೆರೋನಿಮೊಳ ಒಂದು ‘ಹೌದು’
ಎರಡು ಹೊಳೆ ಹಾಯ್ದು ದಡ ಮುಟ್ಟುವಷ್ಟರಲ್ಲಿ
ಕಂಪನಿಯ ವಕೀಲರ ಕಾಫಿ ಒಂದು ಗುಟುಕು ಇಳಿದಿರುತ್ತದೆ.

ನಡೆದದ್ದು ಫೆಬ್ರುವರಿಯ ಒಂದು ಮಂಗಳವಾರ.
ನಿಮಿಷಕ್ಕೆ ನೂರನಲವತ್ತು ಕೋಳಿ ತೂಗಿಬರುವ ಸರಪಳಿಯೆದುರು
ಅವಳ ಜಾಗ ಖಾಲಿ.
ಸೋಮಾಲಿಯ ಸಹ್ರಾಳದೂ ಖಾಲಿ, ಚಾಕು ಮಸೆಯುವ ನಿಕನೋರನದೂ.
ಗೈರಿಗೆ ಒಂದೂವರೆ ಪಾಯಿಂಟು. ಏಳಾದರೆ ಮನೆಗೆ.
ಮಗನ ಜ್ವರ, ಹಿಮ, ಸತ್ತ ಬ್ಯಾಟರಿ, ಮತ್ತೆ ಮಗನ ಜ್ವರ
ಎಲ್ಲ ಕೂಡಿ ಐದೂವರೆ ಅವಳ ಲೆಕ್ಕದಲ್ಲಿ ಮೊದಲೇ ಇತ್ತು.
ಕೂಡಿಸಿದವರು ತಪ್ಪಿಲ್ಲ.

“ಅಂದು ಎಲ್ಲಿದ್ದಿರಿ?”
“ರಾಜಧಾನಿಯಲ್ಲಿ. ಶಾಸನಸಭೆಯ ಮೆಟ್ಟಿಲ ಮೇಲೆ.”
“ಯಾತಕ್ಕೆ?”
“ನಮ್ಮಂಥವರಿಗೆ ಕಾರಿನ ಲೈಸೆನ್ಸು ಕೊಡಕೂಡದೆಂಬ ಮಸೂದೆ. ಅಂದು ಮತ ಹಾಕುವವರಿದ್ದರು.”
“ಆ ಮಸೂದೆಯನ್ನು ಕಂಪನಿ ತಡೆಯಬಹುದಿತ್ತೆ?”
“ಇಲ್ಲ.”

ವಕೀಲರು ಪೆನ್ನು ಕೆಳಗಿಟ್ಟರು,
ಹೊಟ್ಟೆ ತುಂಬಿದವರು ಚಮಚ ಇಡುವ ಹಾಗೆ.

ಕೈಗವಸು ಕೇಳಿದ್ದರೆ,
ಮೂತ್ರಕ್ಕೆ ಐದು ನಿಮಿಷ ಕೇಳಿ ಎಲ್ಲರೂ ಹೊರಬಂದಿದ್ದರೆ
ಕಾಯಿದೆ ಬಂದು ಕೊಡೆ ಹಿಡಿಯುತ್ತಿತ್ತು.
ಧಣಿ ಕೊಡಬಲ್ಲದ್ದನ್ನು ಧಣಿಯ ಹೊತ್ತಿನಲ್ಲಿ ಕೇಳಬಹುದು;
ದೇಶ ಕೊಡಬೇಕಾದದ್ದನ್ನು ನಿಮ್ಮ ಹೊತ್ತಿನಲ್ಲಿ.
“ಭಾನುವಾರ ಹೋಗಬಹುದಿತ್ತಲ್ಲ?
ಭಾನುವಾರ ನಿಮ್ಮ ಬಾಯಿಗೆ ಯಾರ ಅಡ್ಡಿಯೂ ಇಲ್ಲ.”

ಕೇಳಿದವನು ನಾನೇ ಎಂಬಂತೆ ನನ್ನನ್ನು ನೋಡಿದಳು.
“ಭಾನುವಾರವೂ ಹೋಗಿದ್ದೆ. ಬೀಗ ಹಾಕಿತ್ತು.
ಒಬ್ಬ ಮುದುಕ ಮೆಟ್ಟಿಲಿನ ಹಿಮಕ್ಕೆ ಉಪ್ಪು ಎರಚುತ್ತಿದ್ದ.
ಅವನಿಗೆ ಹೇಳಿ ಬಂದೆ.”

ಯಾರೋ ನಕ್ಕರು. ಅವಳು ನಗಲಿಲ್ಲ.
“ಮೂವತ್ತೆರಡು ಮೈಲಿ, ರಾತ್ರಿ ಪಾಳಿ, ಬಸ್ಸಿಲ್ಲ.
ಹಿಂದೆ ಪೊಲೀಸ್ ದೀಪ ಕಂಡರೆ ಮಗನ ಹೆಸರು ಮರೆತುಹೋಗುತ್ತದೆ.
ಆ ರಸ್ತೆ ಕಾರ್ಖಾನೆಯದಲ್ಲ ಅಂತೀರಿ.
ಅದರ ತುದಿಗೆ ನನಗೆ ಬೇರೇನೂ ಇಲ್ಲ, ಕೋಳಿಯೇ ಇರುವುದು.”

“ಅಂತೂ ಅಂದು ನೀವು ಕೆಲಸಕ್ಕೆ ಬರಲಿಲ್ಲ. ಮಾಡಿದ್ದೇನು?”

ಒಂದೇ ಮಾತು ಆಡಿದಳು: ನಿಂತೆ.

ನನ್ನ ಗಂಟಲಲ್ಲಿ ಅದು ಕವಲೊಡೆಯಿತು.
ಯಂತ್ರ ನಿಂತ ಹಾಗೆಯೇ? ಮರ ನಿಂತ ಹಾಗೆಯೇ?
ಒಂದು ದಾರಿ ಹಿಡಿದರೆ ಒಂದೂವರೆ ಪಾಯಿಂಟು.
ಇನ್ನೊಂದಕ್ಕೆ ಅವರ ಪಟ್ಟಿಯಲ್ಲಿ ಅಂಕಣವೇ ಇಲ್ಲ.
ಹನ್ನೊಂದು ಚಳಿಗಾಲ ನಾನೂ ಇಂಥದೇ ಸರಪಳಿಯ ಮುಂದೆ ಕಳೆದವನು,
ತೋರುಬೆರಳು ಈಗಲೂ ಮಡಚುವುದಿಲ್ಲ.
ಆ ಮಂಗಳವಾರ ನಾನೆಲ್ಲಿದ್ದೆನೆಂದು
ಯಾರೂ ಕೇಳಲಿಲ್ಲ. ಕೇಳುವಂತಿಲ್ಲ.
ಹುಡುಗಿ ಕಾಯುತ್ತಿದ್ದಳು. ಕುರ್ಚಿ ಸುಮ್ಮನಿತ್ತು.

ಎರಡನ್ನೂ ಹೇಳಿದೆ.

“ಆಕ್ಷೇಪ! ಸಾಕ್ಷಿ ಆಡಿದ್ದು ಒಂದು ಮಾತು, ಬಂದದ್ದು ಎರಡು!”
ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕಿಕೊಂಡರು. “ಎರಡೂ ದಾಖಲಾಗಲಿ.”
ಅಷ್ಟೆ. ತೀರ್ಪು ಅಂಚೆಯಲ್ಲಿ ಬರುತ್ತದಂತೆ, ಬೇಸಿಗೆಗೋ ಆಮೇಲೋ.

ಮೆಟ್ಟಿಲು ಹತ್ತುವಾಗ ಕೇಳಿದಳು, “ಕೊನೆಗೆ ಏನಂದೆ?”
“ನೀನಂದದ್ದೇ.”
ಕೈಚೀಲದಲ್ಲಿ ತಡಕಾಡಿ ಕೀಲಿ ತೆಗೆದಳು.
ತಿರುವಿನಲ್ಲಿ ಅವಳ ಕಾರು ನಿಧಾನವಾದಾಗ ಕಂಡೆ:
ಹಿಂದಿನ ಎರಡು ದೀಪಗಳಲ್ಲಿ
ಒಂದೇ ಉರಿಯುತ್ತಿತ್ತು.